ಸೋತ ಪಂದ್ಯದ ಮೂರು ಸಿಕ್ಸರ್: 2024ರ ಆರ್‌ಸಿಬಿಯ ಲೀಗ್ ಹಂತ ಮತ್ತು ಪ್ಲೇಆಫ್

2024ರ ಏಪ್ರಿಲ್ 21, ಭಾನುವಾರ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡಕ್ಕೆ ಕೊನೆಯ ಓವರ್‌ನಲ್ಲಿ 21 ರನ್ ಬೇಕಿತ್ತು. ಚೆಂಡು ಮಿಚೆಲ್ ಸ್ಟಾರ್ಕ್ ಕೈಯಲ್ಲಿತ್ತು. 24.75 ಕೋಟಿ ರೂಪಾಯಿ ಬೆಲೆಯ ಸ್ಟಾರ್ಕ್ ಅಲ್ಲಿಯವರೆಗಿನ ಐಪಿಎಲ್ ಹರಾಜುಗಳ ಅತಿ ದುಬಾರಿ ಆಟಗಾರ. ಎದುರಿಗಿದ್ದವರು ಕರ್ಣ್ ಶರ್ಮಾ; ಲೆಗ್ ಸ್ಪಿನ್ ಹಾಕುವುದಕ್ಕೆ ತಂಡದಲ್ಲಿದ್ದವರು, ಬ್ಯಾಟಿಂಗ್‌ಗೆ ಯಾರೂ ಅವರನ್ನು ನೆಚ್ಚಿಕೊಂಡಿರಲಿಲ್ಲ. ಮೊದಲ ಎಸೆತ ಸಿಕ್ಸರ್. ಎರಡನೆಯದರಲ್ಲಿ ರನ್ ಇಲ್ಲ. ಮೂರು ಮತ್ತು ನಾಲ್ಕನೆಯ ಎಸೆತಗಳು ಮತ್ತೆ ಸಿಕ್ಸರ್. ಎರಡು ಎಸೆತಗಳಲ್ಲಿ ಮೂರು ರನ್ ಉಳಿದಾಗ ಚೆಂಡು ನೇರವಾಗಿ ಸ್ಟಾರ್ಕ್ ಕೈಗೇ ಹೋಯಿತು. ಕೊನೆಯ ಎಸೆತದಲ್ಲಿ ಎರಡನೇ ರನ್ನಿಗೆ ಓಡಿದ ಲಾಕಿ ಫರ್ಗ್ಯುಸನ್ ರನೌಟ್ ಆದರು. ಕೋಲ್ಕತ್ತ ತಂಡದ 222ಕ್ಕೆ ಉತ್ತರವಾಗಿ 221. ಒಂದು ರನ್ನಿನ ಸೋಲು.

ಎಂಟು ಪಂದ್ಯಗಳಲ್ಲಿ ಅದು ಏಳನೆಯ ಸೋಲು, ಸತತ ಆರನೆಯದು. ಆ ಮೂರು ಸಿಕ್ಸರ್‌ಗಳಿಂದ ಏನೂ ದಕ್ಕಲಿಲ್ಲ ಎಂದೇ ಆ ಸಂಜೆ ಎಲ್ಲರಿಗೂ ಅನ್ನಿಸಿತ್ತು. ನನಗೂ ಹಾಗೆಯೇ ಅನ್ನಿಸಿತ್ತು. ನಾಲ್ಕು ವಾರಗಳ ನಂತರ, ಮೇ 18ರ ಮಧ್ಯರಾತ್ರಿ, ಮೊದಲ ನಾಲ್ಕು ತಂಡಗಳ ಅಂತಿಮ ಸುತ್ತಾದ ಪ್ಲೇಆಫ್ ತಲುಪಿದ ತಂಡದ ಇಡೀ ಋತುವಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗ ಆ 18 ರನ್‌ಗಳು ಎಲ್ಲಿ ಹೋಗಿ ಕೂತಿದ್ದವು ಎಂಬುದು ಕಾಣಿಸಿತು. ಲೀಗ್ ಹಂತವನ್ನು ತಂಡವೊಂದು ಹೇಗೆ ಆಡಬೇಕು, ಪ್ಲೇಆಫ್ ಏಕೆ ಬೇರೆಯದೇ ಆಟ ಎಂಬುದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ಈ ಋತು.

ಎಂಟು ಪಂದ್ಯ, ಎರಡು ಅಂಕ

ಋತು ಶುರುವಾಗುವ ಮೊದಲೇ ಹೊರೆ ಸಣ್ಣದಾಗಿರಲಿಲ್ಲ. ಮಾರ್ಚ್ 17ರಂದು ಇದೇ ಫ್ರಾಂಚೈಸಿಯ ಮಹಿಳಾ ತಂಡ ದೆಹಲಿಯಲ್ಲಿ ಡಬ್ಲ್ಯುಪಿಎಲ್ ಗೆದ್ದಿತ್ತು. ಹದಿನಾರು ಋತುಗಳಲ್ಲಿ ಪುರುಷರ ತಂಡಕ್ಕೆ ಸಿಗದ ಕಪ್ಪನ್ನು ಸ್ಮೃತಿ ಮಂದಾನ ಬಳಗ ಎರಡನೆಯ ಪ್ರಯತ್ನದಲ್ಲೇ ತಂದಿತ್ತು. ತಂಡದ ಹೆಸರೂ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಆಗಿತ್ತು.

ಮಾರ್ಚ್ 22ರಂದು ಚೆನ್ನೈನಲ್ಲಿ ಸೋಲು. 25ರಂದು ಬೆಂಗಳೂರಿನಲ್ಲಿ ಪಂಜಾಬ್ ವಿರುದ್ಧ ಗೆಲುವು. ಅಲ್ಲಿಂದ ಮುಂದೆ ಕೋಲ್ಕತ್ತ, ಲಖನೌ, ರಾಜಸ್ಥಾನ, ಮುಂಬೈ, ಹೈದರಾಬಾದ್, ಮತ್ತೆ ಕೋಲ್ಕತ್ತ, ಹೀಗೆ ಸಾಲು ಸೋಲುಗಳು. ಜೈಪುರದಲ್ಲಿ ವಿರಾಟ್ ಕೊಹ್ಲಿ ಔಟಾಗದೆ 113 ರನ್ ಹೊಡೆದರು. ಜೋಸ್ ಬಟ್ಲರ್ ಔಟಾಗದೆ 100 ಹೊಡೆದು ಪಂದ್ಯ ಕೊಂಡೊಯ್ದರು. ವಾಂಖೆಡೆಯಲ್ಲಿ ಜಸ್‌ಪ್ರೀತ್ ಬೂಮ್ರಾ 21 ರನ್ನಿಗೆ ಐದು ವಿಕೆಟ್ ಕಿತ್ತರು. 197ರ ಗುರಿಯನ್ನು ಮುಂಬೈ 27 ಎಸೆತ ಉಳಿಸಿ ಮುಟ್ಟಿತು. ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 3 ವಿಕೆಟ್‌ಗೆ 287 ರನ್ ಪೇರಿಸಿತು. ಅಂದಿಗೆ ಅದು ಐಪಿಎಲ್‌ನ ಗರಿಷ್ಠ ಮೊತ್ತ.

ಈಡನ್ ಪಂದ್ಯ ಮುಗಿದಾಗ ತಂಡದ ಖಾತೆಯಲ್ಲಿ ಇದ್ದದ್ದು ಎರಡು ಅಂಕ, ನೆಟ್ ರನ್‌ರೇಟ್ ಮೈನಸ್ 1.046. ಉಳಿದ ಆರು ಪಂದ್ಯಗಳನ್ನೂ ಗೆದ್ದರೆ 14 ಅಂಕ. ಹತ್ತು ತಂಡಗಳ ಐಪಿಎಲ್‌ನಲ್ಲಿ 14 ಅಂಕ ಯಾರಿಗೂ ಪ್ಲೇಆಫ್ ಖಾತರಿ ಮಾಡಿಕೊಡುವುದಿಲ್ಲ. ಅಂಕ ಸಮವಾದರೆ ತೀರ್ಪು ಹೇಳುವುದು ರನ್‌ರೇಟ್. ಒಂದೊಂದು ಪಂದ್ಯವನ್ನೂ ಗೆಲ್ಲಬೇಕು, ಗೆದ್ದರಷ್ಟೇ ಸಾಲದು, ದೊಡ್ಡದಾಗಿ ಗೆಲ್ಲಬೇಕು.

ದಶಮಾಂಶದ ಲೆಕ್ಕ

ರನ್‌ರೇಟ್ ಎಂದ ಕೂಡಲೇ ಅನೇಕರು ಪುಟ ತಿರುವುತ್ತಾರೆ. ದಯವಿಟ್ಟು ಒಂದು ನಿಮಿಷ ನಿಲ್ಲಿ. ಲೀಗ್ ಹಂತದ ಒಳಗುಟ್ಟೆಲ್ಲ ಇಲ್ಲೇ ಇದೆ.

ಇಡೀ ಲೀಗ್‌ನಲ್ಲಿ ತಂಡ ಹೊಡೆದ ಒಟ್ಟು ರನ್‌ಗಳನ್ನು ಅದು ಆಡಿದ ಒಟ್ಟು ಓವರ್‌ಗಳಿಂದ ಭಾಗಿಸಬೇಕು. ಬಿಟ್ಟುಕೊಟ್ಟ ರನ್‌ಗಳನ್ನು ಎಸೆದ ಓವರ್‌ಗಳಿಂದ ಭಾಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದೇ ನೆಟ್ ರನ್‌ರೇಟ್. ತಂಡ ಆಲೌಟ್ ಆದರೆ ಅದು ಪೂರ್ತಿ 20 ಓವರ್ ಆಡಿತೆಂದೇ ಎಣಿಕೆ. ಈ ಲೆಕ್ಕಕ್ಕೆ ಸೋಲು, ಗೆಲುವು ಗೊತ್ತಿಲ್ಲ. ಗೆದ್ದ ಪಂದ್ಯದ ರನ್ನಿಗೆ ಎಷ್ಟು ತೂಕವೋ ಸೋತ ಪಂದ್ಯದ ರನ್ನಿಗೂ ಅಷ್ಟೇ ತೂಕ.

ಏಪ್ರಿಲ್ 15ರ ಹೈದರಾಬಾದ್ ಪಂದ್ಯವನ್ನೇ ತೆಗೆದುಕೊಳ್ಳೋಣ. 288ರ ಗುರಿ. 122 ರನ್ ಆಗುವಷ್ಟರಲ್ಲಿ ಐದು ವಿಕೆಟ್ ಬಿದ್ದವು. ಪಂದ್ಯ ಕೈತಪ್ಪಿತ್ತು, ಕ್ರೀಡಾಂಗಣದಿಂದ ಜನ ಎದ್ದು ಹೋದರೂ ತಪ್ಪೆನ್ನುವಂತಿರಲಿಲ್ಲ. ದಿನೇಶ್ ಕಾರ್ತಿಕ್ ಎದ್ದು ಹೋಗಲಿಲ್ಲ. 35 ಎಸೆತಗಳಲ್ಲಿ 83 ರನ್ ಹೊಡೆದರು, ಅದರಲ್ಲಿ ಏಳು ಸಿಕ್ಸರ್. ತಂಡ 262 ತಲುಪಿ 25 ರನ್ನುಗಳಿಂದ ಸೋತಿತು. ಮರುದಿನ ಚರ್ಚೆಯೆಲ್ಲ ಟ್ರಾವಿಸ್ ಹೆಡ್ ಅವರ 41 ಎಸೆತಗಳ 102 ರನ್‌ಗಳದ್ದು, ಒಂದೇ ಪಂದ್ಯದಲ್ಲಿ ಹರಿದ 549 ರನ್‌ಗಳದ್ದು. ನಾನು ಆಮೇಲೆ ಹಾಕಿದ ಲೆಕ್ಕ ಇದು: ಅಂದು ಬೆಂಗಳೂರು 200ಕ್ಕೆ ನಿಂತಿದ್ದರೆ, ಉಳಿದೆಲ್ಲವೂ ನಡೆದಂತೆಯೇ ನಡೆದಿದ್ದರೆ, ಮೇ 18ರಂದು ಚೆನ್ನೈ ವಿರುದ್ಧ 18 ರನ್ನುಗಳಿಂದ ಗೆದ್ದರೆ ಸಾಕಿದ್ದ ತಂಡ 50 ರನ್ನುಗಳಿಂದ ಗೆಲ್ಲಬೇಕಾಗುತ್ತಿತ್ತು. ಸೋತ ಪಂದ್ಯವೊಂದರಲ್ಲಿ, ಆಸೆ ಬತ್ತಿದ ಹೊತ್ತಿನಲ್ಲಿ, ಒಬ್ಬ ಹಿರಿಯ ಆಟಗಾರ ಆ 32 ರನ್‌ಗಳ ಅಂತರವನ್ನು ಮೊದಲೇ ತೀರಿಸಿಟ್ಟಿದ್ದರು.

ಬದಲಾದದ್ದು ಏನು

ಸೋಲುಗಳ ನಡುವೆ ತಂಡ ಸುಮ್ಮನೆ ಕೂತಿರಲಿಲ್ಲ, ಆದರೂ ಮೊದಲ ಪ್ರಯತ್ನಗಳು ದಿಕ್ಕಿಲ್ಲದವು ಎಂದೇ ನನ್ನ ಅಭಿಪ್ರಾಯ. ಹೈದರಾಬಾದ್ ವಿರುದ್ಧ ಮೊಹಮ್ಮದ್ ಸಿರಾಜ್ ಅವರನ್ನು ಹೊರಗಿಟ್ಟರು. ಗ್ಲೆನ್ ಮ್ಯಾಕ್ಸ್‌ವೆಲ್ ತಾವಾಗಿಯೇ ನಾಯಕ ಫಾಫ್ ಡು ಪ್ಲೆಸಿ ಮತ್ತು ಕೋಚ್‌ಗಳ ಬಳಿ ಹೋಗಿ, ತನ್ನ ಜಾಗದಲ್ಲಿ ಬೇರೊಬ್ಬರನ್ನು ಆಡಿಸಿ ಎಂದು ಕೇಳಿಕೊಂಡರು. ಐಪಿಎಲ್‌ನಂಥ ಕಡೆ ಇಷ್ಟು ದೊಡ್ಡ ಹೆಸರಿನ ಆಟಗಾರ ಹೀಗೆ ಮಾಡುವುದು ಅಪರೂಪ, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ವೇಗಿಗಳನ್ನೇ ತುಂಬಿಕೊಂಡ ಆ ದಿನದ ಬೌಲಿಂಗ್ ಬಳಗಕ್ಕೆ ಬಿದ್ದದ್ದು 287.

ಫಲ ಕೊಟ್ಟ ಬದಲಾವಣೆಗಳು ಸದ್ದಿಲ್ಲದವು. ಸಿರಾಜ್ ಮರಳಿದರು. ಮುಂಬೈನಿಂದ 17.5 ಕೋಟಿಗೆ ಬಂದಿದ್ದ ಕ್ಯಾಮರಾನ್ ಗ್ರೀನ್ ಮತ್ತೆ ಹನ್ನೊಂದರೊಳಗೆ ಬಂದರು. ಮೂರನೆಯ ಕ್ರಮಾಂಕ ವಿಲ್ ಜ್ಯಾಕ್ಸ್ ಪಾಲಾಯಿತು. ಏಪ್ರಿಲ್ 25ರಂದು ಹೈದರಾಬಾದ್‌ನಲ್ಲಿ ಎಡಗೈ ಸ್ಪಿನ್ನರ್ ಸ್ವಪ್ನಿಲ್ ಸಿಂಗ್ ಅವರನ್ನು ಇಳಿಸಿದರು. 20 ಲಕ್ಷದ ಮೂಲಬೆಲೆಗೆ ಬಂದಿದ್ದ, ಬಹುಪಾಲು ಪ್ರೇಕ್ಷಕರು ಹೆಸರೇ ಕೇಳಿರದ ಆಟಗಾರ. ತಮ್ಮ ಮೊದಲ ಓವರ್‌ನಲ್ಲೇ ಅವರು ಏಡನ್ ಮಾರ್ಕ್ರಂ ಮತ್ತು ಹೆನ್ರಿಕ್ ಕ್ಲಾಸೆನ್ ಇಬ್ಬರನ್ನೂ ಔಟ್ ಮಾಡಿದರು. ಗ್ರೀನ್ ಮತ್ತು ಸ್ವಪ್ನಿಲ್ ಇಬ್ಬರೂ ಬ್ಯಾಟ್ ಬೀಸಬಲ್ಲವರು, ಬೌಲ್ ಮಾಡಬಲ್ಲವರು. ಅವರು ಬಂದ ಮೇಲೆ ಒಬ್ಬ ಬೌಲರ್ ದಂಡಿಸಿಕೊಂಡರೆ ಇನ್ನೊಬ್ಬರ ಕೈಗೆ ಚೆಂಡು ಕೊಡುವ ಅನುಕೂಲ ನಾಯಕನಿಗೆ ಸಿಕ್ಕಿತು. ಆರು ಸೋಲುಗಳ ಮೂಲ ಬ್ಯಾಟಿಂಗ್‌ನಲ್ಲಿ ಇರಲಿಲ್ಲ. ಐದು ಬೌಲರ್‌ಗಳಲ್ಲಿ ಇಬ್ಬರು ಕೆಟ್ಟರೆ ಮೂರನೆಯ ದಾರಿ ಇಲ್ಲದ ತಂಡ ಅದಾಗಿತ್ತು. ಇದನ್ನು ಕಂಡುಕೊಳ್ಳಲು ಎಂಟು ಪಂದ್ಯ ಹಿಡಿದದ್ದೇ ಈ ಋತುವಿನ ದೊಡ್ಡ ತಪ್ಪು. ಮುಂದೆ ಅಹಮದಾಬಾದ್‌ನಲ್ಲಿ ಅದರ ಬೆಲೆ ತೆರಬೇಕಾಯಿತು.

ಹೈದರಾಬಾದ್ ಪಂದ್ಯವನ್ನು 35 ರನ್ನುಗಳಿಂದ ಗೆದ್ದ ಮೇಲೆ ಬಂದದ್ದು ಏಪ್ರಿಲ್ 28ರ ಗುಜರಾತ್ ಪಂದ್ಯ. ಇಲ್ಲಿ ತಂಡದ ಮನಸ್ಸು ಸ್ಪಷ್ಟವಾಗಿ ಕಾಣುತ್ತದೆ. ಗುರಿ 201. 14 ಓವರ್ ಮುಗಿದಾಗ ಒಂದು ವಿಕೆಟ್‌ಗೆ 148. ಆರು ಓವರ್‌ಗಳಲ್ಲಿ 53 ರನ್ ಸಾಕಿತ್ತು. ಆರಾಮವಾಗಿ ಒಂಟಿ ರನ್ ಕದಿಯುತ್ತ ಕೊನೆಯ ಓವರ್‌ನಲ್ಲಿ ಗೆದ್ದಿದ್ದರೂ ಎರಡು ಅಂಕ ಸಿಗುತ್ತಿತ್ತು. ಜ್ಯಾಕ್ಸ್ ಮತ್ತು ಕೊಹ್ಲಿ ಮುಂದಿನ ಎರಡೇ ಓವರ್‌ಗಳಲ್ಲಿ 58 ರನ್ ಬಂದು ಆಟ ಮುಗಿಯುವಂತೆ ಮಾಡಿದರು. ಮೋಹಿತ್ ಶರ್ಮಾ ಓವರ್‌ನಲ್ಲಿ 29, ರಶೀದ್ ಖಾನ್ ಓವರ್‌ನಲ್ಲಿ 29. 31 ಎಸೆತಗಳಲ್ಲಿ ಅರ್ಧಶತಕ ಮುಟ್ಟಿದ್ದ ಜ್ಯಾಕ್ಸ್ ಮುಂದಿನ 10 ಎಸೆತಗಳಲ್ಲಿ ಶತಕ ಮುಗಿಸಿದರು. 16 ಓವರ್‌ಗಳಲ್ಲಿ 206. ಈ ಗೆಲುವು ಇನ್ನು ಎರಡು ಓವರ್ ತಡವಾಗಿದ್ದರೂ ಮೇ 18ರಂದು 29 ರನ್ನುಗಳ ಗೆಲುವು ಬೇಕಾಗುತ್ತಿತ್ತು. ತಂಡ ಅಂದು ಗೆದ್ದದ್ದು 27ರಿಂದ.

ಮೇ 4ರಂದು ಅದೇ ಗುಜರಾತ್ ಬೆಂಗಳೂರಿಗೆ ಬಂದು 147ಕ್ಕೆ ಆಲೌಟ್ ಆಯಿತು. ಡು ಪ್ಲೆಸಿ 23 ಎಸೆತಗಳಲ್ಲಿ 64 ರನ್ ಚಚ್ಚಿದರು. ಆರು ಓವರ್ ತುಂಬುವ ಮೊದಲೇ ವಿಕೆಟ್ ನಷ್ಟವಿಲ್ಲದೆ 92. ಆಮೇಲೆ ದಡಬಡನೆ ವಿಕೆಟ್‌ಗಳು ಉದುರಿ 6 ವಿಕೆಟ್‌ಗೆ 117. ಆ ಕ್ಷಣದಲ್ಲಿ ಎರಡು ಲೆಕ್ಕಗಳು ಪರಸ್ಪರ ಜಗಳಕ್ಕೆ ಬಿದ್ದವು. ನಿಧಾನಿಸಿದರೆ ಪಂದ್ಯ ಭದ್ರ, ರನ್‌ರೇಟ್ ಹಾಳು. ನುಗ್ಗಿದರೆ ರನ್‌ರೇಟ್ ಚೆಂದ, ಪಂದ್ಯವೇ ಕೈಬಿಡಬಹುದು. ಕಾರ್ತಿಕ್ ಮತ್ತು ಸ್ವಪ್ನಿಲ್ ಇನ್ನೊಂದು ವಿಕೆಟ್ ಕೊಡದೆ 13.4 ಓವರ್‌ಗಳಲ್ಲೇ ಮುಗಿಸಿದರು. ಅದನ್ನು 19 ಓವರ್‌ವರೆಗೆ ಎಳೆದಿದ್ದರೆ ಚೆನ್ನೈ ವಿರುದ್ಧ ಸುಮಾರು 45 ರನ್ನುಗಳ ಗೆಲುವು ಬೇಕಾಗುತ್ತಿತ್ತು. ಆ ಕುಸಿತವನ್ನು ಅಂದು ಹಲವರು ಬೇಜವಾಬ್ದಾರಿ ಎಂದರು. ಅದು ಬೇಜವಾಬ್ದಾರಿ ಆಗಿರಲಿಲ್ಲ. ಸೋಲುಗಳಿಂದ ಬಂದ ಸಾಲವನ್ನು ತೀರಿಸುವ ಅವಸರ ಅದು, ಆ ಅವಸರಕ್ಕೆ ಅರ್ಥವಿತ್ತು.

ಮೇ 9ರಂದು ಧರ್ಮಶಾಲಾದಲ್ಲಿ ಪಂಜಾಬ್ ವಿರುದ್ಧ 60 ರನ್ನುಗಳ ಗೆಲುವು. ಕೊಹ್ಲಿ 47 ಎಸೆತಗಳಲ್ಲಿ 92. ಪಂಜಾಬ್ 17 ಓವರ್‌ಗಳಲ್ಲೇ ಆಲೌಟ್ ಆದರೂ ಲೆಕ್ಕಕ್ಕೆ 20 ಓವರ್. ಇಲ್ಲಿಗೆ ರನ್‌ರೇಟ್ ಮೊದಲ ಬಾರಿ ಶೂನ್ಯದಿಂದ ಮೇಲೆದ್ದಿತು. 12ರಂದು ಡೆಲ್ಲಿ ವಿರುದ್ಧ 47 ರನ್ನುಗಳ ಗೆಲುವು. ನಿಧಾನಗತಿಯ ಓವರ್‌ಗಳಿಗಾಗಿ ಡೆಲ್ಲಿಯ ನಾಯಕ ರಿಷಭ್ ಪಂತ್ ಅಂದು ನಿಷೇಧದಲ್ಲಿದ್ದರು. ರನ್‌ರೇಟ್ ಈಗ ಪ್ಲಸ್ 0.387. ಅಷ್ಟರಲ್ಲಿ ಬೇರೆ ಮೈದಾನಗಳಲ್ಲೂ ದಾರಿ ತೆರೆಯುತ್ತಿತ್ತು. ಮೇ 8ರಂದು ಲಖನೌದ 165 ರನ್ನುಗಳನ್ನು ಹೈದರಾಬಾದ್ ಒಂದೂ ವಿಕೆಟ್ ಕಳೆದುಕೊಳ್ಳದೆ 9.4 ಓವರ್‌ಗಳಲ್ಲಿ ದಾಟಿತ್ತು. ಆ ಒಂದು ರಾತ್ರಿಯ ಏಟಿನಿಂದ ಲಖನೌ ರನ್‌ರೇಟ್ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಕೊನೆಗೆ ಲಖನೌ ಮತ್ತು ಡೆಲ್ಲಿ ಎರಡೂ 14 ಅಂಕ ಪಡೆದವು, ಎರಡರ ರನ್‌ರೇಟೂ ಮೈನಸ್.

ಮೇ 18

ಉಳಿದದ್ದು ಒಂದು ಸ್ಥಾನ, ಎರಡು ತಂಡ. ಚೆನ್ನೈ 14 ಅಂಕದಲ್ಲಿತ್ತು, ಬೆಂಗಳೂರು 12ರಲ್ಲಿ. ಬೆಂಗಳೂರು ಗೆದ್ದರೆ ಅಂಕ ಸಮ. 18 ಅಥವಾ ಅದಕ್ಕಿಂತ ಹೆಚ್ಚು ರನ್ನುಗಳಿಂದ ಗೆದ್ದರೆ ಮಾತ್ರ ರನ್‌ರೇಟ್‌ನಲ್ಲಿ ಮುಂದೆ. ಮಳೆ ಬಂದು ಪಂದ್ಯ ರದ್ದಾದರೆ ಚೆನ್ನೈ ಪಾಲಿಗೆ ಒಂದು ಅಂಕ, ಬೆಂಗಳೂರಿಗೆ ಮನೆ. ಮೇ ತಿಂಗಳ ಬೆಂಗಳೂರಿನ ಸಂಜೆ ಮಳೆಯನ್ನು ಬಲ್ಲವರಿಗೆ ಅಂದಿನ ತಳಮಳ ವಿವರಿಸಬೇಕಿಲ್ಲ. ಮೂರು ಓವರ್ ಆಗುವಷ್ಟರಲ್ಲಿ ಮಳೆ ಬಂದೇ ಬಂತು. ಚಿನ್ನಸ್ವಾಮಿಯ ನೆಲದಡಿ ನೀರನ್ನು ಹೀರಿ ತೆಗೆಯುವ ಸಬ್‌ಏರ್ ವ್ಯವಸ್ಥೆ ಇದೆ. ಮಳೆ ನಿಂತ ಮೇಲೆ ಒಂದು ಓವರ್ ಕೂಡ ಕಡಿತವಾಗದೆ ಆಟ ಮುಂದುವರಿಯಿತು.

ಕೊಹ್ಲಿ 47, ಡು ಪ್ಲೆಸಿ 54, ರಜತ್ ಪಾಟಿದಾರ್ 41, ಗ್ರೀನ್ 17 ಎಸೆತಗಳಲ್ಲಿ ಔಟಾಗದೆ 38. ಒಟ್ಟು 5 ವಿಕೆಟ್‌ಗೆ 218. ಚೆನ್ನೈಗೆ ಗೆಲ್ಲಲು 219 ಬೇಕು, ಮುಂದಿನ ಸುತ್ತಿಗೆ ಹೋಗಲು 201 ಸಾಕು. ರವೀಂದ್ರ ಜಡೇಜ ಮತ್ತು ಮಹೇಂದ್ರ ಸಿಂಗ್ ಧೋನಿ ಕೊನೆಯಲ್ಲಿ ಬೆನ್ನಟ್ಟಿದ್ದು ಆ ಎರಡನೆಯ ಗುರಿಯನ್ನು.

ಕೊನೆಯ ಓವರ್‌ಗೆ 17 ರನ್ ಉಳಿದವು. ಚೆಂಡು ಯಶ್ ದಯಾಳ್ ಕೈಯಲ್ಲಿ. ಒಂದು ವರ್ಷದ ಹಿಂದೆ, ಗುಜರಾತ್ ಪರ ಆಡುತ್ತಿದ್ದಾಗ, ಕೊನೆಯ ಓವರ್‌ನಲ್ಲಿ ರಿಂಕು ಸಿಂಗ್‌ಗೆ ಸತತ ಐದು ಸಿಕ್ಸರ್ ಕೊಟ್ಟ ಬೌಲರ್ ಇವರೇ. ಬೆಂಗಳೂರು ಅವರಿಗೆ 5 ಕೋಟಿ ಕೊಟ್ಟಾಗ ಆಡಿಕೊಂಡವರು ಬಹಳ. ಮೊದಲ ಎಸೆತವನ್ನು ಧೋನಿ ಕ್ರೀಡಾಂಗಣದಿಂದಲೇ ಆಚೆಗೆ ಅಟ್ಟಿದರು, 110 ಮೀಟರ್ ಸಿಕ್ಸರ್. ಐದು ಎಸೆತ, 11 ರನ್. ಹಳೆಯ ಒದ್ದೆ ಚೆಂಡು ಹೋಗಿ ಒಣಗಿದ ಚೆಂಡು ಬಂತು. ಎರಡನೆಯ ಎಸೆತ ನಿಧಾನದ್ದು; ಧೋನಿ ಎತ್ತಿದ ಚೆಂಡು ಸ್ವಪ್ನಿಲ್ ಕೈ ಸೇರಿತು. ಶಾರ್ದೂಲ್ ಠಾಕೂರ್‌ಗೆ ಒಂದು ಖಾಲಿ ಎಸೆತ, ಮುಂದಿನದರಲ್ಲಿ ಒಂದು ರನ್. ಕೊನೆಯ ಎರಡು ಎಸೆತಗಳು ಜಡೇಜರ ಬ್ಯಾಟಿಗೆ ತಾಗದೆ ಹೋದವು. 7 ವಿಕೆಟ್‌ಗೆ 191. ಗೆಲುವಿನ ಅಂತರ 27 ರನ್.

ಅಂತಿಮ ಅಂಕಪಟ್ಟಿಯಲ್ಲಿ ಬೆಂಗಳೂರು ಪ್ಲಸ್ 0.459, ಚೆನ್ನೈ ಪ್ಲಸ್ 0.392. ಅಂತರ 0.067. ಇದನ್ನು ರನ್ನಿಗೆ ತಿರುಗಿಸಿದರೆ, 14 ಪಂದ್ಯಗಳಲ್ಲಿ 269 ಓವರ್ ಆಡಿ 2,758 ರನ್ ಗಳಿಸಿದ ತಂಡಕ್ಕೆ ಉಳಿದಿದ್ದ ಮಿಗತೆ 18 ರನ್. ಈಡನ್ ಗಾರ್ಡನ್ಸ್‌ನ ಆ ಮೂರು ಸಿಕ್ಸರ್! ಅವನ್ನು ತೆಗೆದು ಲೆಕ್ಕ ಹಾಕಿದರೆ ಎರಡೂ ತಂಡಗಳ ರನ್‌ರೇಟ್ ಮೂರು ದಶಮಾಂಶಗಳವರೆಗೆ ಒಂದೇ, 0.392. ಮೇ 18ರಂದು 18ರ ಬದಲು 27 ರನ್ನುಗಳಿಂದ ಗೆಲ್ಲಬೇಕಾಗುತ್ತಿತ್ತು. ಚೆನ್ನೈಗೆ ಕೊನೆಯ ಓವರ್‌ನಲ್ಲಿ 17ರ ಬದಲು 8 ರನ್ ಸಾಕಾಗುತ್ತಿತ್ತು. ಧೋನಿ ಮೊದಲ ಎಸೆತಕ್ಕೇ ಆರು ರನ್ ಹೊಡೆದಿದ್ದರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕರ್ಣ್ ಶರ್ಮಾ ಈಡನ್‌ನಲ್ಲಿ ತಲೆ ತಗ್ಗಿಸಿ ಪೆವಿಲಿಯನ್‌ಗೆ ನಡೆದಾಗ ಈ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ.

ಅಹಮದಾಬಾದ್

ನಾಲ್ಕು ದಿನಗಳ ನಂತರ, ಮೇ 22ರಂದು, ಸೋತವರು ಹೊರಬೀಳುವ ಎಲಿಮಿನೇಟರ್. ಎದುರಾಳಿ ರಾಜಸ್ಥಾನ ರಾಯಲ್ಸ್. ಇವರ ಋತು ಬೆಂಗಳೂರಿನದಕ್ಕೆ ತದ್ವಿರುದ್ಧ. ಮೊದಲ ಒಂಬತ್ತರಲ್ಲಿ ಎಂಟು ಗೆದ್ದಿದ್ದರು. ಆಮೇಲೆ ಸತತ ನಾಲ್ಕು ಸೋತರು, ಗುವಾಹಟಿಯಲ್ಲಿ ಕೊನೆಯ ಪಂದ್ಯ ಮಳೆಗೆ ಹೋಯಿತು. ರನ್‌ರೇಟ್‌ನಲ್ಲಿ ಹೈದರಾಬಾದ್‌ಗಿಂತ ಹಿಂದೆ ಬಿದ್ದು ಎರಡನೆಯ ಸ್ಥಾನವನ್ನೂ ಕಳೆದುಕೊಂಡಿದ್ದರು. ಒಂದು ತಂಡ ಸತತ ಆರು ಗೆದ್ದು ಬಂದಿದೆ, ಇನ್ನೊಂದು ಒಂದು ತಿಂಗಳಿಂದ ಸರಿಯಾಗಿ ಗೆದ್ದೇ ಇಲ್ಲ. ಬಹುತೇಕರ ಊಹೆ ಯಾವ ಕಡೆಗಿತ್ತು ಎಂದು ಹೇಳಬೇಕಿಲ್ಲ.

ಬೆಂಗಳೂರು 8 ವಿಕೆಟ್‌ಗೆ 172. ಯಾರಿಗೂ 35 ದಾಟಲಾಗಲಿಲ್ಲ. ಟ್ರೆಂಟ್ ಬೌಲ್ಟ್ ನಾಲ್ಕು ಓವರ್‌ಗಳಲ್ಲಿ ಕೊಟ್ಟದ್ದು 16 ರನ್. ರವಿಚಂದ್ರನ್ ಅಶ್ವಿನ್ ಎರಡು ಎಸೆತಗಳಲ್ಲಿ ಗ್ರೀನ್ ಮತ್ತು ಮ್ಯಾಕ್ಸ್‌ವೆಲ್ ಇಬ್ಬರನ್ನೂ ಕಳಿಸಿದರು. ಜ್ಯಾಕ್ಸ್ ಇರಲಿಲ್ಲ, ಪಾಕಿಸ್ತಾನ ವಿರುದ್ಧದ ಸರಣಿಗಾಗಿ ಇಂಗ್ಲೆಂಡ್ ಆಟಗಾರರು ಆಗಲೇ ತವರಿಗೆ ಹೊರಟಿದ್ದರು. ರಾಜಸ್ಥಾನ 19 ಓವರ್‌ಗಳಲ್ಲಿ ಆರು ವಿಕೆಟ್ ಕಳೆದುಕೊಂಡು ಗುರಿ ಮುಟ್ಟಿತು.

ಬೆಂಗಳೂರಿನವರು ಸತತ ಆರು ನಾಕೌಟ್‌ನಂಥ ಪಂದ್ಯ ಆಡಿ ದಣಿದಿದ್ದರು, ಚೆನ್ನೈಯನ್ನು ಸೋಲಿಸಿದ ರಾತ್ರಿಯೇ ಅವರ ಫೈನಲ್ ಮುಗಿದಿತ್ತು ಎಂದು ಆಮೇಲೆ ಕೇಳಿಬಂತು. ಅಂದು ಬೆಂಗಳೂರಿನ ಬೀದಿಗಳಲ್ಲಿ ನಡುರಾತ್ರಿ ಕಳೆದರೂ ಜನ ಕರಗಿರಲಿಲ್ಲ ಎಂಬುದು ನಿಜ. ಆದರೂ ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಟಿ20ಯಲ್ಲಿ ಒಂದು ರಾತ್ರಿ 15 ರನ್ ಕಡಿಮೆ ಬೀಳುವುದು ಯಾವ ಒಳ್ಳೆಯ ತಂಡಕ್ಕೂ ಆಗುವಂಥದ್ದು. ಲೀಗ್‌ನಲ್ಲಿ ಅಂಥ ರಾತ್ರಿಯನ್ನು ಮುಂದಿನ ಪಂದ್ಯ ತೊಳೆದು ಹಾಕುತ್ತದೆ. ಎಲಿಮಿನೇಟರ್‌ನಲ್ಲಿ ಮುಂದಿನ ಪಂದ್ಯವೇ ಇಲ್ಲ. ಹಾಗಾಗಿ ಕೇಳಬೇಕಾದದ್ದು ತಂಡ ಆ ರಾತ್ರಿ ಏಕೆ ಎಡವಿತು ಎಂದಲ್ಲ, ಎಡವಲು ಅವಕಾಶವೇ ಇಲ್ಲದ ಜಾಗಕ್ಕೆ ಏಕೆ ಬಂದು ನಿಂತಿತು ಎಂದು.

2011ರಿಂದ ಐಪಿಎಲ್‌ನ ಪ್ಲೇಆಫ್ ವ್ಯವಸ್ಥೆ ಹೀಗಿದೆ: ಮೊದಲೆರಡು ಸ್ಥಾನದವರು ಮೊದಲ ಕ್ವಾಲಿಫೈಯರ್ ಆಡುತ್ತಾರೆ, ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ ಇನ್ನೊಂದು ಅವಕಾಶ. ಮೂರು, ನಾಲ್ಕನೆಯವರಿಗೆ ಎಲಿಮಿನೇಟರ್. ಕಪ್ ಬೇಕೆಂದರೆ ಸತತ ಮೂರು ಗೆಲ್ಲಬೇಕು. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಷ್ಟೇ ಸಮಬಲದ್ದು ಎಂದುಕೊಂಡರೆ ಮೊದಲೆರಡು ತಂಡಗಳಿಗೆ ಕಪ್ ಗೆಲ್ಲುವ ಸಾಧ್ಯತೆ ಎಂಟರಲ್ಲಿ ಮೂರು, ಉಳಿದೆರಡಕ್ಕೆ ಎಂಟರಲ್ಲಿ ಒಂದು. ಮೂರು ಪಟ್ಟು ವ್ಯತ್ಯಾಸ. 2011ರಿಂದ 2025ರವರೆಗಿನ ಹದಿನೈದು ಋತುಗಳಲ್ಲಿ ಎಲಿಮಿನೇಟರ್‌ನಿಂದ ಹೊರಟು ಕಪ್ ಎತ್ತಿದ ತಂಡ ಒಂದೇ, 2016ರ ಹೈದರಾಬಾದ್. ಆ ಫೈನಲ್‌ನಲ್ಲಿ 8 ರನ್ನುಗಳಿಂದ ಸೋತದ್ದು ಬೆಂಗಳೂರು, ಅದೂ ಚಿನ್ನಸ್ವಾಮಿಯಲ್ಲಿ. ಅದು ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದ ವರ್ಷ. ಆ ನೋವು ಈಗಲೂ ಹಸಿ.

ಮೇಲೆ ಹೇಳಿದ ಮಹಿಳಾ ತಂಡದ ಕಥೆ ಇಲ್ಲಿ ಮತ್ತೆ ಬೇಕಾಗುತ್ತದೆ. ಅವರೂ ಲೀಗ್‌ನಲ್ಲಿ ಎಂಟರಲ್ಲಿ ನಾಲ್ಕನ್ನಷ್ಟೇ ಗೆದ್ದು ಮೂರನೆಯ ಸ್ಥಾನಕ್ಕೆ ಬಂದವರು. ಅವರೂ ಒಂದು ರನ್ನಿನಿಂದ ಸೋತಿದ್ದರು, ಅವರದೂ ಕೊನೆಯ ಎಸೆತದ ರನೌಟ್, ಡೆಲ್ಲಿ ವಿರುದ್ಧ ರಿಚಾ ಘೋಷ್ ಅವರದ್ದು. ಎಲಿಮಿನೇಟರ್‌ನಲ್ಲಿ 135 ರನ್‌ಗಳನ್ನು ಕಾಪಾಡಿಕೊಳ್ಳುವಾಗ ಹರ್ಮನ್‌ಪ್ರೀತ್ ಕೌರ್ ಅವರನ್ನು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ ಔಟ್ ಮಾಡಿದರು. ಕೊನೆಯ ಓವರ್‌ನ 12 ರನ್‌ಗಳನ್ನು ಆಶಾ ಶೋಭನಾ ತಡೆದರು. ಗೆಲುವು 5 ರನ್ನುಗಳಿಂದ. ಫೈನಲ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 64 ಆಗಿದ್ದ ಡೆಲ್ಲಿ 113ಕ್ಕೆ ಮುಗಿಯಿತು, ಶ್ರೇಯಾಂಕಾಗೆ 12 ರನ್ನಿಗೆ 4 ವಿಕೆಟ್. ಅವರ ಧೈರ್ಯಕ್ಕೆ ನನ್ನ ಮೆಚ್ಚುಗೆ ಅಪಾರ. ಜೊತೆಗೆ ಇದನ್ನೂ ಗಮನಿಸಬೇಕು: ಐದು ತಂಡಗಳ ಡಬ್ಲ್ಯುಪಿಎಲ್‌ನಲ್ಲಿ ಎಲಿಮಿನೇಟರ್‌ನಿಂದ ಕಪ್‌ಗೆ ಎರಡೇ ಗೆಲುವಿನ ದೂರ. ಪುರುಷರಿಗೆ ಅದು ಮೂರು. ಹೊರಗಿನಿಂದ ಒಂದೇ ರೀತಿ ಕಾಣುವ ದಾರಿ ಉದ್ದದಲ್ಲಿ ಒಂದೇ ಅಲ್ಲ.

ಲಖನೌ, 2025

ಮರುವರ್ಷ ಲೀಗ್‌ನ ಕೊನೆಯ ಪಂದ್ಯಕ್ಕೆ ಬರುವಾಗ ಬೆಂಗಳೂರು 17 ಅಂಕದಲ್ಲಿತ್ತು. ಪ್ಲೇಆಫ್ ಆಗಲೇ ಖಚಿತವಾಗಿತ್ತು. ಇಂಥ ಹೊತ್ತಿನಲ್ಲಿ ಕೆಲವು ತಂಡಗಳು ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಮುಂದಿನ ಸುತ್ತಿಗೆ ಉಳಿಸಿಕೊಳ್ಳುತ್ತವೆ. ಬೆಂಗಳೂರಿನ ಮುಂದೆ ಇದ್ದದ್ದು ಬೇರೆ ಲೆಕ್ಕ: ಗೆದ್ದರೆ 19 ಅಂಕ, ಗುಜರಾತನ್ನು ದಾಟಿ ಮೊದಲೆರಡರಲ್ಲಿ ಸ್ಥಾನ, ಸೋತರೆ ಮತ್ತೆ ಅದೇ ಎಲಿಮಿನೇಟರ್. ಮೇ 27ರಂದು ಲಖನೌ 3 ವಿಕೆಟ್‌ಗೆ 227 ಹೊಡೆಯಿತು, ಪಂತ್ ಔಟಾಗದೆ 118. ಬೆಂಗಳೂರು ಅಷ್ಟು ದೊಡ್ಡ ಗುರಿಯನ್ನು ಐಪಿಎಲ್‌ನಲ್ಲಿ ಎಂದೂ ಬೆನ್ನಟ್ಟಿ ಗೆದ್ದಿರಲಿಲ್ಲ. ನಾಲ್ಕು ವಿಕೆಟ್‌ಗೆ 123 ಆದಾಗ ಜಿತೇಶ್ ಶರ್ಮಾ ಮತ್ತು ನಮ್ಮ ಮಯಂಕ್ ಅಗರವಾಲ್ ಜೊತೆಯಾದರು. ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ನಡುವೆ ಬಂದು ಸೇರಿದ್ದ ಮಯಂಕ್ ಔಟಾಗದೆ 41. ಆ ರಾತ್ರಿಯ ನಾಯಕ ಜಿತೇಶ್ 33 ಎಸೆತಗಳಲ್ಲಿ ಔಟಾಗದೆ 85. ಎಂಟು ಎಸೆತ ಉಳಿದಿರುವಾಗ ಪಂದ್ಯ ಮುಗಿಯಿತು.

ಎರಡು ದಿನಗಳ ನಂತರ ಮುಲ್ಲನಪುರದಲ್ಲಿ ಪಂಜಾಬ್ ತಂಡವನ್ನು 101ಕ್ಕೆ ಉರುಳಿಸಿ ಹತ್ತೇ ಓವರ್‌ಗಳಲ್ಲಿ ಗೆದ್ದು ನೇರ ಫೈನಲ್‌ಗೆ. ಜೂನ್ 3ರಂದು, 2024ರಲ್ಲಿ ಎಲ್ಲವೂ ಮುಗಿದಿದ್ದ ಅದೇ ಅಹಮದಾಬಾದ್‌ನಲ್ಲಿ, 6 ರನ್ನುಗಳಿಂದ ಕಪ್. ಮರುದಿನ ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಮನೆಗಳ ದುಃಖವನ್ನು ಬದಿಗಿಟ್ಟು ಆ ಕಪ್ಪನ್ನು ನೆನೆಯಲು ನನ್ನಿಂದ ಆಗುವುದಿಲ್ಲ.

ಆಟದ ಮಟ್ಟಿಗೆ ನಾನು ಮತ್ತೆ ಮತ್ತೆ ಮರಳುವುದು ಲಖನೌದ ಆ ರಾತ್ರಿಗೆ. ರಾಜಸ್ಥಾನ ವಿರುದ್ಧದ ಎಲಿಮಿನೇಟರ್ ದಿನೇಶ್ ಕಾರ್ತಿಕ್ ಅವರ ಕೊನೆಯ ಐಪಿಎಲ್ ಪಂದ್ಯವಾಗಿತ್ತು. ಮುಂದಿನ ವರ್ಷ ಅವರು ಬ್ಯಾಟಿಂಗ್ ಕೋಚ್ ಆಗಿ ಮರಳಿದರು. ಅವರ ಕೈಗವಸು ತೊಟ್ಟ, ಅವರದೇ ಕ್ರಮಾಂಕದಲ್ಲಿ ಆಡುತ್ತಿದ್ದ ಜಿತೇಶ್ ಲಖನೌದಲ್ಲಿ ಗೆಲುವಿನ ಸಿಕ್ಸರ್ ಎತ್ತಿದಾಗ ಕಾರ್ತಿಕ್ ತಂಡದ ಬೆಂಚಿನಲ್ಲಿದ್ದರು. ಹದಿಮೂರು ತಿಂಗಳ ಹಿಂದೆ, ಕೈತಪ್ಪಿದ ಪಂದ್ಯವೊಂದರಲ್ಲಿ, 35 ಎಸೆತಗಳಿಗೆ 83 ರನ್ ಹೊಡೆದು ನಡೆದು ಬಂದಾಗ ಚಿನ್ನಸ್ವಾಮಿ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಆ ರನ್‌ಗಳು ಯಾವ ಕೆಲಸಕ್ಕೆ ಬರಲಿವೆ ಎಂದು ಅಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.